ಹುಣ್ಣಿಗೂ ಮೊದಲಿನ ಪಾದ: ಹಿರಿಯ ಮಧುಮೇಹಿಯೊಬ್ಬರ ಪ್ರಕರಣ ಅಧ್ಯಯನ

ಮಧುಮೇಹದಿಂದ ಬರುವ ಪಾದದ ಕಾಯಿಲೆ ವಯಸ್ಸಾದವರಲ್ಲಿ ಎಷ್ಟು ವ್ಯಾಪಕವಾಗಿದೆ ಎಂದು ಕೇಳಿದರೆ, ಉತ್ತರ ಕೊಡುವವರು ಎಣಿಕೆಯನ್ನು ಎಲ್ಲಿಂದ ಆರಂಭಿಸಿದ್ದಾರೆ ಎಂಬುದನ್ನು ಮೊದಲು ಹೇಳಬೇಕಾಗುತ್ತದೆ. ಹುಣ್ಣು ಕಂಡ ದಿನದಿಂದ ಎಣಿಸಿದರೆ ಬರುವ ಸಂಖ್ಯೆ ಒಂದು. ಪಾದ ಸ್ಪರ್ಶಜ್ಞಾನವನ್ನು ಕಳೆದುಕೊಂಡ ದಿನದಿಂದ ಎಣಿಸಿದರೆ ಬರುವ ಸಂಖ್ಯೆ ಅದರ ಹಲವು ಪಟ್ಟು. ಈ ಎರಡು ದಿನಗಳ ನಡುವೆ ವರ್ಷಗಟ್ಟಲೆ ನಡೆದಾಡಿದ, ಯಾವ ಲೆಕ್ಕಕ್ಕೂ ಸಿಗದ ಒಬ್ಬ ಹಿರಿಯರ ಪ್ರಕರಣವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಗುರುತು ಸಿಗದಿರಲೆಂದು ಊರು, ಮನೆತನದ ವಿವರಗಳನ್ನು ಬಿಟ್ಟಿದ್ದೇನೆ.

ರೋಗಿ 71 ವರ್ಷದ ರೈತರು. ಮಂಡ್ಯ ಜಿಲ್ಲೆಯ ನಾಲೆ ನೀರಿನ ಬಯಲಿನವರು. ಭತ್ತ, ಕಬ್ಬಿನ ಬೇಸಾಯವನ್ನು ಮಗನಿಗೆ ಒಪ್ಪಿಸಿ, ಎರಡು ಹಸುಗಳಿಗೆ ಹುಲ್ಲು ಕೊಯ್ದು ತರುವ ಕೆಲಸವನ್ನು ಮಾತ್ರ ತಮಗಾಗಿ ಉಳಿಸಿಕೊಂಡಿದ್ದರು. ಸಕ್ಕರೆ ಕಾಯಿಲೆ ಪತ್ತೆಯಾಗಿ 14 ವರ್ಷಗಳಾಗಿದ್ದವು, ರಕ್ತದೊತ್ತಡಕ್ಕೆ ಮಾತ್ರೆ ನುಂಗಲು ಆರಂಭಿಸಿ ಒಂಬತ್ತು ವರ್ಷ. ಮೂವತ್ತು ವರ್ಷ ಬೀಡಿ ಸೇದಿ, ಆರು ವರ್ಷಗಳ ಹಿಂದೆ ಬಿಟ್ಟಿದ್ದರು. ಎಡಗಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆ ಆಗಿತ್ತು, ಬಲಗಣ್ಣಿಗೆ ಆಗಬೇಕಿತ್ತು.

ಕಾಲಿನ ಗಾಯವನ್ನು ಮೊದಲು ಕಂಡವರು ಅವರಲ್ಲ, ಅವರ ಸೊಸೆ. ಆಗತಾನೆ ಒರೆಸಿದ ಸಿಮೆಂಟ್ ನೆಲದ ಮೇಲೆ ಬಚ್ಚಲಿನಿಂದ ನಡುಮನೆಯವರೆಗೆ ಬಲಗಾಲಿನ ಒದ್ದೆ ಅಚ್ಚುಗಳು ಸಾಲಾಗಿ ಬಿದ್ದಿದ್ದವು. ಪ್ರತಿ ಅಚ್ಚಿನಲ್ಲೂ ಬೆರಳುಗಳ ಬುಡದ ಹತ್ತಿರ ಕಾಸಿನಗಲದ ಕೆಂಪು ಗುರುತಿತ್ತು. ಎಲೆ ಅಡಿಕೆಯ ಉಗುಳನ್ನು ಯಾರೋ ತುಳಿದಿದ್ದಾರೆ ಎಂದೇ ಆಕೆ ಮೊದಲು ಎಣಿಸಿದರಂತೆ. ಮಾವನ ಕಾಲನ್ನು ಎತ್ತಿ ನೋಡಿದಾಗ, ಎರಡನೆಯ ಬೆರಳಿನ ಬುಡದಲ್ಲಿ, ಹಳೆಯ ಆಣಿ ಇದ್ದ ಜಾಗದಲ್ಲೇ ತೂತು ಬಿದ್ದಿತ್ತು. ಮನೆಯವರು ಅರಿಸಿನ ಮೆತ್ತಿದರು. ಊತ ಬಂದದ್ದರಿಂದ ಎರಡು ದಿನ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲು ಇರಿಸಿದರು. ನೀರಿನ ಬಿಸಿ ಹೆಚ್ಚಾಯಿತೆಂದು ಹೇಳಬೇಕಾದ ಪಾದಕ್ಕೇ ಅದು ತಿಳಿಯುತ್ತಿರಲಿಲ್ಲವಾಗಿ ಪಾದದ ಮೇಲ್ಭಾಗದಲ್ಲಿ ಬೊಬ್ಬೆಗಳೂ ಎದ್ದವು. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಧನುರ್ವಾಯುವಿನ ಚುಚ್ಚುಮದ್ದು ಮತ್ತು ಐದು ದಿನದ ಮಾತ್ರೆ ಸಿಕ್ಕವು. ನಮ್ಮ ಬಳಿ ಬರುವಷ್ಟರಲ್ಲಿ ಒಂಬತ್ತು ದಿನಗಳು ಕಳೆದಿದ್ದವು.

ತಡವಾದದ್ದಕ್ಕೆ ಕಾರಣ ಕೇಳಿದಾಗ ಅವರು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: "ನೋವಿದ್ರಲ್ವಾ ಸಾ ಗೊತ್ತಾಗೋದು. ನೋವೇ ಇಲ್ವಲ್ಲ."

ಗಾಯದ ಮೂಲ ಸಿಕ್ಕಿದ್ದು ಅವರ ಚಪ್ಪಲಿಯಲ್ಲಿ. ಹೊರಗೆ ಬಿಟ್ಟು ಬಂದಿದ್ದ ಹವಾಯಿ ಚಪ್ಪಲಿಯನ್ನು ಒಳಗೆ ತರಿಸಿ, ಅಟ್ಟೆಯ ಮೇಲೆ ಹೆಬ್ಬೆರಳು ಆಡಿಸಿದಾಗ ಏನೂ ತಾಗಲಿಲ್ಲ. ಆದರೆ ದೇಹದ ಭಾರ ಬಿದ್ದಾಗ ಆಗುವಂತೆ ಬಲವಾಗಿ ಒತ್ತಿ ಹಿಡಿದ ಕೂಡಲೇ ಜಾಲಿ ಮುಳ್ಳಿನ ಮುರಿದ ತುದಿ ಮೇಲೆದ್ದು ಬಂದು, ಕೈ ಬಿಟ್ಟೊಡನೆ ರಬ್ಬರಿನೊಳಗೆ ಮರೆಯಾಯಿತು. ಒಂದೊಂದು ಹೆಜ್ಜೆಗೂ ಅದು ಒಮ್ಮೆ ಚುಚ್ಚಿ ಹಿಂದೆ ಸರಿದಿದೆ. ಬದುವಿನ ಮೇಲೆ ಹುಲ್ಲಿನ ಹೊರೆ ಹೊತ್ತು ಎಷ್ಟು ದಿನ ಹೀಗೆ ನಡೆದಿದ್ದರೋ ಹೇಳುವಂತಿರಲಿಲ್ಲ. ಚಪ್ಪಲಿಯನ್ನು ಕೈಗೆತ್ತಿಕೊಂಡು ನೋಡದೆ ಪಾದದ ಪರೀಕ್ಷೆ ಮುಗಿಯಿತೆಂದು ಬರೆಯಬಾರದು ಎಂಬ ನಿಯಮವನ್ನು ನಾವು ಆ ದಿನದಿಂದ ಪಾಲಿಸುತ್ತಿದ್ದೇವೆ.

ಪರೀಕ್ಷೆಯಲ್ಲಿ ಕಂಡದ್ದು

ಹುಣ್ಣು ಎರಡೂವರೆ ಸೆಂಟಿಮೀಟರ್ ಅಗಲವಿತ್ತು. ಸುತ್ತ ಬಿಳಿಚಿದ ದಪ್ಪ ಚರ್ಮ, ಒಳಗೆ ಕೀವು, ಬೆರಳಿನವರೆಗೂ ಕೆಂಪು ಊತ. ಶುದ್ಧೀಕರಿಸಿದ ಲೋಹದ ಕಡ್ಡಿಯನ್ನು ಮೆಲ್ಲಗೆ ಇಳಿಸಿದಾಗ ಅದು ಗಟ್ಟಿಯಾದ ಮೂಳೆಗೆ ತಾಗಿತು. ಎಕ್ಸ್-ರೇಯಲ್ಲಿಯೂ ಮೂಳೆಯ ಅಂಚು ಸವೆದು ಕಾಣುತ್ತಿತ್ತು. ವ್ಯಾಗ್ನರ್ ವರ್ಗೀಕರಣದ ಪ್ರಕಾರ ಇದು ಮೂರನೆಯ ದರ್ಜೆ, ಎಂದರೆ ಸೋಂಕು ಮೂಳೆಗೆ ಇಳಿದ ಆಳವಾದ ಹುಣ್ಣು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ ಶೇ 9.8 ಇತ್ತು. ಕಣಕಾಲು ಮತ್ತು ತೋಳಿನ ರಕ್ತದೊತ್ತಡದ ಅನುಪಾತ ಬಲಗಾಲಿನಲ್ಲಿ 0.7, ಎಡಗಾಲಿನಲ್ಲಿ 0.85, ಇದು 0.9ಕ್ಕಿಂತ ಕಡಿಮೆಯಿದ್ದರೆ ಕಾಲಿನ ರಕ್ತನಾಳ ಕಿರಿದಾಗಿದೆ ಎಂದರ್ಥ. ಹಳೆಯ ಮಧುಮೇಹಿಗಳಲ್ಲಿ ರಕ್ತನಾಳದ ಗೋಡೆಯಲ್ಲಿ ಸುಣ್ಣ ಕಟ್ಟಿ ಗಡುಸಾಗುವುದರಿಂದ ಈ ಅನುಪಾತ ಇರುವುದಕ್ಕಿಂತ ಚೆನ್ನಾಗಿ ಕಾಣುವುದುಂಟು. ಆದ್ದರಿಂದ ಮೈಸೂರಿಗೆ ಕಳುಹಿಸಿ, ನಾಳಗಳಲ್ಲಿ ರಕ್ತ ಹರಿಯುವುದನ್ನು ಶಬ್ದತರಂಗಗಳಿಂದ ನೋಡುವ ಡಾಪ್ಲರ್ ಪರೀಕ್ಷೆ ಮಾಡಿಸಿದೆವು. ಮೊಣಕಾಲಿನ ಕೆಳಗಿನ ನಾಳಗಳಲ್ಲಿ ಕಿರಿದಾದ ಜಾಗಗಳಿದ್ದರೂ ಪಾದಕ್ಕೆ ರಕ್ತ ಹರಿಯುತ್ತಿತ್ತು.

ಸ್ಪರ್ಶ ಪರೀಕ್ಷೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು. ಇದಕ್ಕೆ ಬೇಕಾಗುವುದು ಹಿಡಿಗೆ ಸಿಕ್ಕಿಸಿದ ಒಂದು ನೈಲಾನ್ ಎಳೆ. ಚರ್ಮದ ಮೇಲೆ ಇಟ್ಟು ಅದು ಬಾಗುವಷ್ಟು ಒತ್ತಿದರೆ 10 ಗ್ರಾಂ ಒತ್ತಡ ಬೀಳುತ್ತದೆ. ಆ ಒತ್ತಡ ತಿಳಿಯದ ಪಾದ ತನ್ನನ್ನು ತಾನು ಕಾಪಾಡಿಕೊಳ್ಳಲಾರದು. ಮೊದಲು ಅಂಗೈಗೆ ತಾಗಿಸಿ ತೋರಿಸಿ, "ಹೀಗೆ ಮುಟ್ಟಿದ ಕೂಡಲೇ 'ಹೂಂ' ಅನ್ನಿ" ಎಂದು ತಿಳಿಸಿ, ಕಣ್ಣು ಮುಚ್ಚಿಸಿದೆವು. ಬಲಪಾದದ ಎಂಟು ಜಾಗಗಳಲ್ಲಿ ಎಳೆಯನ್ನು ಒತ್ತಿ ಒಂಬತ್ತನೆಯದಕ್ಕೆ ಬರುತ್ತಿದ್ದಾಗ ಅವರು ಕಣ್ಣು ತೆರೆಯದೆಯೇ, "ಶುರು ಮಾಡಿ ಸಾ, ನಾನು ರೆಡಿ" ಎಂದರು. ಜೊತೆಗೆ ಬಂದಿದ್ದ ಮಗ ಮುಖ ಆ ಕಡೆಗೆ ತಿರುಗಿಸಿಕೊಂಡನು. ಹತ್ತು ಜಾಗಗಳಲ್ಲಿ ಬಲಪಾದ ಗುರುತಿಸಿದ್ದು ಎರಡನ್ನು, ಎಡಪಾದ ಮೂರನ್ನು. 128 ಹರ್ಟ್ಸ್ ಶ್ರುತಿಕವಲಿನ (ಟ್ಯೂನಿಂಗ್ ಫೋರ್ಕ್) ಕಂಪನ ಎರಡೂ ಹೆಬ್ಬೆರಳುಗಳಲ್ಲಿ ತಿಳಿಯುತ್ತಿರಲಿಲ್ಲ.

ಇಷ್ಟು ನಷ್ಟ ಒಂಬತ್ತು ದಿನಗಳಲ್ಲಿ ಆಗುವಂಥದ್ದಲ್ಲ. ವಿಚಾರಿಸಿದಾಗ, ಏಳೆಂಟು ವರ್ಷಗಳ ಹಿಂದೆ ರಾತ್ರಿ ಹೊತ್ತು ಅಂಗಾಲು ಉರಿದು, ಒದ್ದೆ ಗೋಣಿತಾಟಿನ ಮೇಲೆ ಕಾಲಿಟ್ಟು ಮಲಗುತ್ತಿದ್ದುದನ್ನು ಅವರು ನೆನಪಿಸಿಕೊಂಡರು. ಆಮೇಲೆ ಜೋಮು, ಹತ್ತಿಯ ಮೇಲೆ ನಡೆದಂತಹ ಅನುಭವ. ಕೊನೆಗೆ ಉರಿಯೂ ಹೋಯಿತು, ಜೋಮೂ ಹೋಯಿತು. "ಮಾತ್ರೆ ಹಿಡೀತು, ವಾಸಿ ಆಯ್ತು ಅಂದ್ಕೊಂಡೆ" ಎಂದರು. ನನ್ನ ಅನುಭವದಲ್ಲಿ ಮಧುಮೇಹಿಗಳ ಪಾದದ ವಿಷಯದಲ್ಲಿ ಇದಕ್ಕಿಂತ ದುಬಾರಿಯಾದ ತಪ್ಪು ತಿಳಿವಳಿಕೆ ಇನ್ನೊಂದಿಲ್ಲ. ಉರಿಯುವುದು ನರ ಹಾಳಾಗುತ್ತಿರುವ ಲಕ್ಷಣ. ಸಕ್ಕರೆ ಹತೋಟಿಗೆ ಬಾರದೆಯೂ ಉರಿ ತಾನಾಗಿ ನಿಂತಿತೆಂದರೆ ಬಹಳ ಸಲ ಆ ನರ ಸುದ್ದಿ ಮುಟ್ಟಿಸುವುದನ್ನೇ ನಿಲ್ಲಿಸಿರುತ್ತದೆ. ರೋಗಿ ನೆಮ್ಮದಿಯಿಂದ ನಿದ್ದೆ ಮಾಡಲು ಆರಂಭಿಸಿದ ಆ ವರ್ಷವೇ ಅವರ ಪಾದದ ಅಪಾಯ ಆರಂಭವಾದ ವರ್ಷ.

ಅವರು ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಹೊದಿಕೆಯ ಸಣ್ಣ ಪುಸ್ತಕವೊಂದನ್ನು ತೆಗೆದುಕೊಟ್ಟರು. ತಪ್ಪದೆ ತಪಾಸಣೆಗೆ ಹೋಗುತ್ತಿದ್ದ ರೋಗಿ ಎಂಬುದಕ್ಕೆ ಅದೇ ಸಾಕ್ಷಿ. ಊಟಕ್ಕೆ ಮೊದಲಿನ ಸಕ್ಕರೆ, ಊಟದ ನಂತರದ ಸಕ್ಕರೆ, ರಕ್ತದೊತ್ತಡ, ತೂಕ, ಮಾತ್ರೆಯ ಹೆಸರು: ಹಲವು ಕೈಬರಹಗಳಲ್ಲಿ, ಹಲವು ಬಣ್ಣದ ಶಾಯಿಯಲ್ಲಿ ಪುಟಗಳು ತುಂಬಿದ್ದವು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೋಡಿದೆ. 'ಪಾದ' ಎಂಬ ಶಬ್ದ ಒಂದು ಕಡೆಯೂ ಇರಲಿಲ್ಲ. ಇದನ್ನು ಯಾರೊಬ್ಬರ ಮೇಲಿನ ದೂರಾಗಿ ಬರೆಯುತ್ತಿಲ್ಲ. ಒಂದು ಬೆಳಿಗ್ಗೆಯಲ್ಲಿ ನೂರಕ್ಕೂ ಮಿಕ್ಕಿ ಜನರನ್ನು ನೋಡುವ ಕೊಠಡಿಯಲ್ಲಿ ಚಪ್ಪಲಿಗಳು ಬಾಗಿಲ ಹೊರಗೇ ಉಳಿಯುತ್ತವೆ. ಪಾದಗಳು ಮೇಜಿನ ಕೆಳಗೆ ಉಳಿಯುತ್ತವೆ.

ಎಣಿಕೆಯ ಪ್ರಶ್ನೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಇವರಲ್ಲಿ ಎಷ್ಟು ಮಂದಿಗೆ ಪಾದದ ಕಾಯಿಲೆ? ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದರ ಪ್ರಕಾರ ಮಧುಮೇಹಿಗಳಲ್ಲಿ ಪಾದದ ಹುಣ್ಣು ಇರುವವರ ಪ್ರಮಾಣ ಶೇ 6.3, ಏಷ್ಯಾದಲ್ಲಿ ಶೇ 5.5. ಹುಣ್ಣಿರುವವರು ಉಳಿದ ಮಧುಮೇಹಿಗಳಿಗಿಂತ ಹೆಚ್ಚು ವಯಸ್ಸಾದವರು, ಹೆಚ್ಚು ವರ್ಷಗಳಿಂದ ಕಾಯಿಲೆಯಿರುವವರು ಎಂದೂ ಅದು ಗುರುತಿಸಿತು. ಅದೇ ವರ್ಷ ಆರ್ಮ್‌ಸ್ಟ್ರಾಂಗ್, ಬೋಲ್ಟನ್ ಮತ್ತು ಬಸ್ ಬರೆದ ಪರಾಮರ್ಶೆ ಇನ್ನೊಂದು ಸಂಖ್ಯೆಯನ್ನು ಕೊಡುತ್ತದೆ: ಮಧುಮೇಹಿಯೊಬ್ಬರಿಗೆ ಬದುಕಿನಲ್ಲಿ ಎಂದಾದರೂ ಪಾದದ ಹುಣ್ಣಾಗುವ ಸಾಧ್ಯತೆ ಶೇ 19ರಿಂದ 34. ಮೂರನೆಯ ಸಂಖ್ಯೆ ನಮ್ಮ ರಾಜ್ಯದ್ದೇ. ಉಡುಪಿಯ ಗ್ರಾಮೀಣ ಭಾಗದಲ್ಲಿ 620 ಮಧುಮೇಹಿಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಸಮುದಾಯ ಅಧ್ಯಯನದಲ್ಲಿ, ಮಧುಮೇಹಿ ಪಾದದ ಲಕ್ಷಣಕೂಟ ಇದ್ದವರು ಶೇ 51.8.

ಶೇ 5.5, ಶೇ 34, ಶೇ 51.8. ಇವುಗಳಲ್ಲಿ ಒಂದು ಸರಿ, ಉಳಿದವು ತಪ್ಪು ಎಂದು ತಿಳಿಯಬೇಕಾಗಿಲ್ಲ. ಈ ದಿನ ಕೆರೆಯಲ್ಲಿ ಎಷ್ಟು ನೀರು ನಿಂತಿದೆ ಎಂದು ಅಳೆಯುವುದು ಒಂದು. ವರ್ಷವಿಡೀ ಆ ಕೆರೆಗೆ ಎಷ್ಟು ನೀರು ಬಂದು ಹೋಯಿತು ಎಂದು ಅಳೆಯುವುದು ಇನ್ನೊಂದು. ಕೆರೆಗೆ ನೀರು ಹರಿದುಬರಬಹುದಾದ ನೆಲ ಎಷ್ಟಿದೆ ಎಂದು ಅಳೆಯುವುದು ಮತ್ತೊಂದು. ಮೊದಲ ಸಂಖ್ಯೆ ಸಮೀಕ್ಷೆಯ ದಿನ ತೆರೆದ ಹುಣ್ಣಿದ್ದವರದ್ದು. ಮಾಗಿದವರು ಅದರಿಂದ ಹೊರಗುಳಿಯುತ್ತಾರೆ, ತೀರಿಕೊಂಡವರೂ ಹೊರಗುಳಿಯುತ್ತಾರೆ. ಪಾದದ ಹುಣ್ಣಾದವರಲ್ಲಿ ಐದು ವರ್ಷದೊಳಗೆ ಸಾಯುವವರು ಶೇ 30ರಷ್ಟಿರುವುದರಿಂದ, ಅದರಲ್ಲೂ ವಯಸ್ಸಾದವರಲ್ಲಿ, ಈ ಎರಡನೆಯ ಕಾರಣ ಸಣ್ಣದಲ್ಲ. ಕಾಯಿಲೆ ಜನರನ್ನು ಬೇಗ ಒಯ್ದಷ್ಟೂ ಆ ದಿನದ ಎಣಿಕೆಯಲ್ಲಿ ಅದು ಅಪರೂಪದ್ದಾಗಿ ಕಾಣುತ್ತದೆ. ಶೇ 51.8ರಂತಹ ಸಂಖ್ಯೆಯಾದರೋ ಹುಣ್ಣಿನ ಜೊತೆಗೆ ಹುಣ್ಣಿಗೆ ದಾರಿ ಮಾಡಿಕೊಡುವ ನರ ಮತ್ತು ರಕ್ತನಾಳಗಳ ದೋಷವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಬರುವಂಥದ್ದು.

ನಮ್ಮ ರೋಗಿಯನ್ನು ಈ ಮೂರರಲ್ಲಿ ಇಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಮುಳ್ಳು ಚುಚ್ಚುವುದಕ್ಕೆ ಒಂದು ತಿಂಗಳ ಮೊದಲು ಸಮೀಕ್ಷೆಯವರು ಮನೆಗೆ ಬಂದು "ಕಾಲಿನಲ್ಲಿ ಗಾಯ ಇದೆಯೇ" ಎಂದು ಕೇಳಿದ್ದರೆ, ಅವರು ಸತ್ಯವಾಗಿಯೇ ಇಲ್ಲ ಎನ್ನುತ್ತಿದ್ದರು. "ನೋವು, ಉರಿ ಇದೆಯೇ" ಎಂದರೂ ಇಲ್ಲವೇ. ಆದರೆ ಆ ದಿನವೂ ಅವರ ಪಾದ ಹತ್ತರಲ್ಲಿ ಏಳೆಂಟು ಜಾಗಗಳಲ್ಲಿ ನಿಶ್ಚೇತನವಾಗಿತ್ತು, ರಕ್ತನಾಳಗಳು ಕಿರಿದಾಗಿದ್ದವು, ಬೆರಳುಗಳು ಕೊಕ್ಕೆಯಂತೆ ಬಾಗಿ ಭಾರವೆಲ್ಲ ಬುಡದ ಮೂಳೆಗಳ ಮೇಲೆ ಬೀಳುತ್ತಿತ್ತು, ಅಲ್ಲಿ ಆಣಿ ಕಟ್ಟಿತ್ತು, ಅದನ್ನು ಅವರು ತಿಂಗಳಿಗೊಮ್ಮೆ ಶೇವಿಂಗ್ ಬ್ಲೇಡಿನಿಂದ ಹೆರೆದು ತೆಗೆಯುತ್ತಿದ್ದರು. ಮಧುಮೇಹಿ ಪಾದದ ಅಂತರರಾಷ್ಟ್ರೀಯ ಕಾರ್ಯತಂಡದ ಮಾರ್ಗಸೂಚಿಯಂತೆ ಇಂತಹ ಪಾದವನ್ನು ಮೂರರಿಂದ ಆರು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಸ್ಪರ್ಶ, ರಕ್ತಸಂಚಾರ ಎರಡೂ ಸರಿಯಿರುವ ಮಧುಮೇಹಿಗೇ ವರ್ಷಕ್ಕೊಂದು ಸಲ ಬೇಕು. ಮಧುಮೇಹದಿಂದಾಗಿ ಕಾಲು ಕಳೆದುಕೊಳ್ಳುವವರಲ್ಲಿ ನೂರಕ್ಕೆ 85ರಷ್ಟು ಮಂದಿಗೆ ಮೊದಲು ಹುಣ್ಣಾಗಿರುತ್ತದೆ ಎಂಬುದು ಬಹಳ ಕಾಲದಿಂದ ಗೊತ್ತಿರುವ ಸಂಗತಿ. ಆ ಹುಣ್ಣಿಗೂ ಮೊದಲು ಈ ಮೌನದ ವರ್ಷಗಳಿರುತ್ತವೆ. ನಾನು ಎಣಿಕೆ ಇಲ್ಲಿಂದಲೇ ಆರಂಭವಾಗಬೇಕು ಎನ್ನುವವನು, ಏಕೆಂದರೆ ಕಾಲನ್ನು ಉಳಿಸಲು ಹೆಚ್ಚು ಅವಕಾಶವಿರುವುದು ಈ ವರ್ಷಗಳಲ್ಲಿ.

ವಯಸ್ಸು ಇದರಲ್ಲಿ ಹೇಗೆ ಸೇರಿಕೊಳ್ಳುತ್ತದೆ ಎಂಬುದನ್ನೂ ಈ ಪ್ರಕರಣ ತೋರಿಸುತ್ತದೆ. ಕಾಯಿಲೆಯ ವರ್ಷಗಳು ಹೆಚ್ಚಾದಂತೆ ನರ, ನಾಳ ಹಾಳಾಗುವುದು ಒಂದು ಕಡೆ. ಇನ್ನೊಂದು ಕಡೆ, ಮಂಡಿನೋವಿನಿಂದಾಗಿ ಅವರು ಕಾಲನ್ನು ಮಡಚಿ ಅಂಗಾಲು ನೋಡಲಾರರು. ಮಡಚಿದರೂ ಪೊರೆ ಬಂದ ಕಣ್ಣಿಗೆ ಕಾಣದು. ಚರ್ಮ ಬೆವರದೆ ಒಣಗಿ ಹಿಮ್ಮಡಿ ಬಿರುಕು ಬಿಟ್ಟಿರುವುದು ಊರಿನ ಎಲ್ಲ ಮುದುಕರಿಗೂ ಇರುವುದೇ ಎಂದು ಮನೆಯವರಿಗೆ ವಿಶೇಷವೆನಿಸದು. ನಲವತ್ತರ ಮಧುಮೇಹಿಗೆ "ದಿನವೂ ಪಾದ ನೋಡಿಕೊಳ್ಳಿ" ಎಂದು ಹೇಳಿ ಕಳುಹಿಸಬಹುದು. ಎಪ್ಪತ್ತರವರಿಗೆ ಆ ಮಾತು ಹೇಳಿದರೆ ಸಾಲದು, ನೋಡುವವರು ಯಾರು ಎಂಬುದನ್ನು ಆ ದಿನವೇ ಗೊತ್ತುಮಾಡಬೇಕು.

ಚಿಕಿತ್ಸೆ ಮತ್ತು ನಂತರದ ದಿನಗಳು

ಕೀವು ತೆಗೆದು, ಇನ್ಸುಲಿನ್ ಆರಂಭಿಸಿ, ಕೀವಿನ ಪರೀಕ್ಷೆಯ ವರದಿಯಂತೆ ಆ್ಯಂಟಿಬಯಾಟಿಕ್ ಕೊಡಲಾಯಿತು. ಸೋಂಕಿದ ಮೂಳೆಯೊಂದಿಗೆ ಎರಡನೆಯ ಬೆರಳನ್ನು ತೆಗೆಯಬೇಕಾಯಿತು. ರಕ್ತನಾಳ ತಜ್ಞರು ಮೊದಲು ಗಾಯ ಮಾಗುವುದೇ ನೋಡೋಣ, ಮಾಗದಿದ್ದರೆ ನಾಳ ಹಿಗ್ಗಿಸುವ ಚಿಕಿತ್ಸೆ ಎಂದು ನಿರ್ಧರಿಸಿದರು. ಅದು ಬೇಕಾಗಲಿಲ್ಲ. ನಾಲ್ಕೂವರೆ ತಿಂಗಳಿಗೆ ಗಾಯ ಮುಚ್ಚಿತು.

ಈ ನಾಲ್ಕೂವರೆ ತಿಂಗಳಲ್ಲಿ ಔಷಧಿಗಿಂತ ಕಷ್ಟವಾದದ್ದು ಪಾದದ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು. ಗಾಯದ ಸುತ್ತ ದಪ್ಪ ಫೆಲ್ಟ್ ಬಟ್ಟೆಯನ್ನು ಕತ್ತರಿಸಿ ಅಂಟಿಸಿ, ಹಿಮ್ಮಡಿಯ ಮೇಲೆ ಮಾತ್ರ ನಿಲ್ಲುವಂತಹ ಪಾದರಕ್ಷೆ ಕೊಟ್ಟು, ವಾಕರ್ ಹಿಡಿದು ಬಚ್ಚಲಿಗೆ ಮಾತ್ರ ಹೋಗಬೇಕು ಎಂದಿದ್ದೆವು. ಮೂರನೆಯ ವಾರ ಡ್ರೆಸ್ಸಿಂಗ್ ಬಿಚ್ಚಿದಾಗ ಪಟ್ಟಿಯ ಅಂಚಿನಲ್ಲಿ ಸಗಣಿಯ ಕಲೆಯಿತ್ತು. ನೋವಿಲ್ಲದ ಮನುಷ್ಯ ಹಸು ಕೂಗಿದಾಗ ಹೇಗೆ ಕುಳಿತಾರು? ಅವರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಮಗನನ್ನು ಕರೆದು, ಗಾಯ ಮಾಗುವವರೆಗೆ ಹಸುಗಳನ್ನು ಕಣ್ಣಿಗೆ ಕಾಣದ ಕಡೆ, ದೊಡ್ಡಪ್ಪನ ಕೊಟ್ಟಿಗೆಯಲ್ಲಿ ಕಟ್ಟಲು ಒಪ್ಪಿಸಿದೆವು. ಗಾಯದ ಅಳತೆ ಕಡಿಮೆಯಾಗುತ್ತ ಬಂದದ್ದು ಅಲ್ಲಿಂದ ಮುಂದೆ.

ಹೊರಗೆ ಓಡಾಡಲು, ಒಳಗೆ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಅಟ್ಟೆಯಿರುವ, ಹಿಂದೆ ಪಟ್ಟಿಯಿರುವ ಚಪ್ಪಲಿ ಮಾಡಿಸಲಾಯಿತು. ಈ ರಬ್ಬರು ನಮ್ಮಲ್ಲಿ ಬಳಕೆಗೆ ಬಂದದ್ದು ಕುಷ್ಠರೋಗಿಗಳಿಗಾಗಿ. ವೆಲ್ಲೂರಿನಲ್ಲಿ ಕೆಲಸ ಮಾಡುತ್ತಿದ್ದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಕೈಕಾಲು ಸವೆಯುವುದು ಮಾಂಸ ಕೊಳೆಯುವುದರಿಂದಲ್ಲ, ನೋವು ತಿಳಿಯದಿರುವುದರಿಂದ ಎಂದು ತೋರಿಸಿಕೊಟ್ಟವರು. ಆ ತಿಳಿವಳಿಕೆ ಮಧುಮೇಹಿಗಳ ಪಾದಕ್ಕೂ ಹಾಗೆಯೇ ಅನ್ವಯಿಸಿತು. ಆದರೆ ಈ ನಂಟೇ ಒಂದು ತೊಡಕೂ ಆಯಿತು. ಆ ಕಪ್ಪು ಚಪ್ಪಲಿಯನ್ನು ನೋಡಿದೊಡನೆ ರೋಗಿಯ ಹೆಂಡತಿ, "ಇದು ಆ ಕಾಯಿಲೆಯವರ ಚಪ್ಪಲಿ ಅಲ್ವಾ" ಎಂದರು. ಪಟ್ಟಿಯ ಬಣ್ಣವನ್ನು ಕಂದು ಮಾಡಿಸಿದ ಮೇಲೆ ಒಪ್ಪಿಕೊಂಡರು.

ಮನೆಯೊಳಗಿನ ಚಪ್ಪಲಿಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ಹೊಸ್ತಿಲು ದಾಟಿ ಚಪ್ಪಲಿ ಒಳಗೆ ಬರಬಾರದು ಎಂಬುದು ಆ ಮನೆಯ ತಲೆತಲಾಂತರದ ರೂಢಿ, ಮತ್ತು ಹಿರಿಯರು ದಿನದ ಬಹುಪಾಲು ಕಳೆಯುವುದು ಮನೆಯೊಳಗೇ. ರೂಢಿಯನ್ನು ಮೂಢತನವೆಂದು ತಳ್ಳಿಹಾಕಿದ್ದರೆ ಸೋಲುತ್ತಿದ್ದವರು ನಾವೇ. ಅಂಗಳಕ್ಕೆ ಎಂದೂ ಇಳಿಯದ ಹೊಸ ಜೊತೆಯೊಂದನ್ನು ಒಳಗಿನ ಬಳಕೆಗೆಂದೇ ಇಡುವುದು, ದೇವರ ಮನೆಯ ಬಾಗಿಲಲ್ಲಿ ಅದನ್ನು ಬಿಟ್ಟು ಒಗೆದ ಹತ್ತಿಯ ಕಾಲುಚೀಲದಲ್ಲಿ ಒಳಹೋಗುವುದು, ಬಿಸಿಲೇರಿದ ಮೇಲೆ ಕಾದ ಕಲ್ಲುಹಾಸಿನ ದೇವಸ್ಥಾನದ ಪ್ರದಕ್ಷಿಣೆಯನ್ನು ಬೆಳಗಿನ ತಂಪಿಗೆ ಬದಲಿಸುವುದು: ಇವೆಲ್ಲ ಮನೆಯವರೊಂದಿಗೆ ಕುಳಿತು ಮಾತಾಡಿದಾಗ ಅವರ ಬಾಯಿಂದಲೇ ಬಂದ ಪರಿಹಾರಗಳು. ಪಾದ ನೋಡುವ ಕೆಲಸವನ್ನು ಹೆಂಡತಿ ವಹಿಸಿಕೊಂಡರು. ಸಂಜೆ ದೀಪ ಹಚ್ಚಿದ ಮೇಲೆ ಗಂಡನನ್ನು ಮಂಚದ ಮೇಲೆ ಕೂರಿಸಿ, ಮೊಬೈಲಿನ ಟಾರ್ಚ್ ಹಿಡಿದು, ಬೆರಳ ಸಂದುಗಳನ್ನೂ ಬಿಡಿಸಿ ನೋಡುತ್ತಾರೆ.

ಮಾಗಿದ ಹುಣ್ಣು ಒಂದು ವರ್ಷದೊಳಗೆ ಮತ್ತೆ ಬರುವ ಸಾಧ್ಯತೆ ನೂರಕ್ಕೆ 40ರಷ್ಟಿದೆ; ಆದ್ದರಿಂದ ಎರಡು ತಿಂಗಳಿಗೊಮ್ಮೆ ಅವರನ್ನು ಕರೆಸುತ್ತಿದ್ದೇವೆ. ಎರಡನೆಯ ಭೇಟಿಯಲ್ಲಿ, ಎಲ್ಲರ ಗಮನ ಬಲಗಾಲಿನ ಮೇಲಿದ್ದಾಗ, ಎಡಪಾದದ ಆಣಿಯ ಕೆಳಗೆ ಎಳ್ಳುಕಾಳಿನಷ್ಟು ಕಪ್ಪು ಕಲೆ ಕಂಡಿತು. ಅದು ಚರ್ಮದೊಳಗೆ ಹೆಪ್ಪುಗಟ್ಟಿದ ರಕ್ತ. ಹುಣ್ಣು ಬಾಯಿಬಿಡುವ ಮುನ್ನಿನ ಹಂತ. ಆಣಿಯನ್ನು ಹೆರೆದು, ಅಟ್ಟೆಯಲ್ಲಿ ಆ ಜಾಗಕ್ಕೆ ಸರಿಯಾಗಿ ಗುಳಿ ಮಾಡಿಸಿದ ಮೇಲೆ ಮೂರು ವಾರದಲ್ಲಿ ಚರ್ಮ ಸರಿಯಾಯಿತು. ಅವರ ಬಲಗಾಲಿಗೂ ಇಂಥದೇ ಒಂದು ವಾರ ಎಂದೋ ಇದ್ದಿರಬೇಕು.

ರಾಜ್ಯ ಸರ್ಕಾರ 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭಿಸಿದ, ಮನೆಮನೆಗೆ ಹೋಗಿ ತಪಾಸಣೆ ಮಾಡುವ 'ಗೃಹ ಆರೋಗ್ಯ' ಯೋಜನೆಯ ತಪಾಸಣಾ ಪಟ್ಟಿಯಲ್ಲಿ ಮಧುಮೇಹಿಗಳ ಪಾದವೂ ಸೇರಿರುವುದು ನನಗೆ ಸಮಾಧಾನ ತಂದ ಸಂಗತಿ. ಮನೆಬಾಗಿಲಿಗೆ ಹೋದವರು ಗಾಯವಿದೆಯೇ ಎಂದು ಕೇಳಿ ಬರೆದುಕೊಂಡು ಬಂದರೆ ಸಿಗುವ ಸಂಖ್ಯೆ, ಹಿರಿಯರ ಪಾದವನ್ನು ಮಡಿಲಿಗೆ ಎತ್ತಿಕೊಂಡು ಎಳೆ ಮುಟ್ಟಿಸಿ ನೋಡಿದರೆ ಸಿಗುವ ಸಂಖ್ಯೆ, ಎರಡೂ ಒಂದೇ ಆಗಲಾರವು. ಆ ಎಳೆಯನ್ನು ಬಳಸಲು ಕಲಿಸುವುದಕ್ಕೆ ಅರ್ಧ ದಿನ ಸಾಕು.

ಕಳೆದ ಭೇಟಿಯಲ್ಲಿ ಕೆಲಸ ಮುಗಿದ ಮೇಲೆ, ಬಾಗಿಲ ಬಳಿ ನಿಂತಿದ್ದ ಅವರ ಹೆಂಡತಿಯನ್ನು ಕರೆದು ಕೂರಿಸಿದೆವು. ಅವರಿಗೆ 66 ವರ್ಷ, ಸಕ್ಕರೆ ಕಾಯಿಲೆ ಬಂದು ಏಳು ವರ್ಷ. "ನಂಗೇನಿಲ್ಲ ಸಾ, ನಮ್ಮನೆಯವರ್ದು ನೋಡಿ" ಎಂದು ಸಂಕೋಚಪಟ್ಟರು. ಕಾಲುಂಗುರ ಬಿಗಿದು ಎಡಗಾಲಿನ ಬೆರಳಿನ ಸುತ್ತ ಚರ್ಮ ಕೆಂಪಗೆ ಕಂದಿತ್ತು. ಅದು ಅವರಿಗೆ ತಿಳಿದೇ ಇರಲಿಲ್ಲ. ಹತ್ತು ಜಾಗಗಳಲ್ಲಿ ಆರನ್ನು ಗುರುತಿಸಿದರು. ಅಕ್ಕಸಾಲಿಯ ಬಳಿ ಹೋಗಿ ಕಾಲುಂಗುರ ಸಡಿಲ ಮಾಡಿಸಿಕೊಳ್ಳಲು ಹೇಳಿ, ಮೂರು ತಿಂಗಳ ನಂತರದ ದಿನಾಂಕ ಕೊಟ್ಟು, ಅವರ ಪುಸ್ತಕದಲ್ಲಿ ಸಕ್ಕರೆ, ರಕ್ತದೊತ್ತಡದ ಸಾಲುಗಳ ಕೆಳಗೆ ಹೊಸ ಸಾಲೊಂದನ್ನು ಬರೆದೆ: ಪಾದ, ಬಲ 6, ಎಡ 6.